ಇಂಟರ್‌ಲಾಕ್ ಟೈಲ್ಸ್ ಹಾಕಿಸಿದ್ದೇವಲ್ಲ, ಮಳೆನೀರು ಇಂಗಲ್ವಾ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು 30×40 ಸೈಟ್. ಕಾಂಕ್ರೀಟ್ ಬೇಡ ಅಂತ ಮನೆ ಸುತ್ತ ಇಂಟರ್‌ಲಾಕ್ ಟೈಲ್ಸ್ ಹಾಕಿಸಿದೆವು. ಆದರೂ ಮಳೆನೀರೆಲ್ಲ ಗೇಟ್ ದಾಟಿ ರಸ್ತೆಗೇ ಹೋಗುತ್ತದೆ. ಯಾಕೆ?

ಮುಂಗಾರು ಶುರುವಾದರೆ ಈ ಪ್ರಶ್ನೆ ಬಂದೇ ಬರುತ್ತದೆ. ಮತ್ತೊಮ್ಮೆ ಹೇಳುತ್ತೇನೆ: ನೀವು ಹಾಕಿಸಿದ್ದು ನೀರು ಇಂಗುವ ನೆಲವಲ್ಲ.

‘ಸಂದಿನಲ್ಲಿ ನೀರು ಇಳಿಯುತ್ತೆ ಬಿಡಿ’ ಅಂತ ಮಾರುವವರೂ ಹೇಳುತ್ತಾರೆ, ಮೇಸ್ತ್ರಿಯೂ ಹೇಳುತ್ತಾರೆ. ಆ ಸಂದನ್ನು ಬಗ್ಗಿ ನೋಡಿದ್ದೀರಾ? ಕೆಲವೇ ಮಿಲಿಮೀಟರ್ ಅಗಲ. ಅದರೊಳಗೆ ನುಣ್ಣನೆ ಮರಳು ತುಂಬಿರುತ್ತಾರೆ. ಮೇಲಿಂದ ಧೂಳು, ಎಲೆಪುಡಿ ಸೇರಿ ಅದೂ ಗಟ್ಟಿಯಾಗುತ್ತದೆ. ಹೋಗಲಿ, ಸಂದು ದಾಟಿದ ನೀರಿಗೆ ಕೆಳಗೆ ಏನು ಸಿಗುತ್ತದೆ? ಅದುಮಿ ಕೂರಿಸಿದ ಜಲ್ಲಿಪುಡಿ. ಟೈಲ್ಸ್ ಕುಸಿಯಬಾರದು ಅಂತ ಎಷ್ಟೋ ಮನೆಗಳಲ್ಲಿ ಅದರಡಿ ಕಾಂಕ್ರೀಟ್ ಬೆಡ್ಡೇ ಇರುತ್ತದೆ. ಕಾಂಕ್ರೀಟ್ ಬೇಡ ಅಂದವರ ಅಂಗಳದಲ್ಲೇ! ನನ್ನ ಮಾತು ನಂಬಬೇಡಿ, ಒಂದು ಬಕೆಟ್ ನೀರು ಸುರಿದು ನೋಡಿ. ಅದು ಮೊದಲು ಗೇಟಿನ ಕಡೆಗೇ ಓಡುತ್ತದೆ.

ನೀರು ನಿಜವಾಗಿ ಇಂಗಬೇಕಾದರೆ ಕೆಳಗಿನಿಂದಲೇ ಸರಿಯಾಗಿ ಕಟ್ಟಬೇಕು. ಮಣ್ಣಿನ ಮೇಲೆ 40 ಎಂಎಂ ಜಲ್ಲಿ, ಆಮೇಲೆ 20 ಎಂಎಂ, ಮೇಲೆ ಇನ್ನೂ ಸಣ್ಣದಾದ ಬೇಬಿ ಜಲ್ಲಿ. ಪುಡಿ ಎಲ್ಲೂ ಬೇಡ. ಜಲ್ಲಿ ನಡುವಿನ ಖಾಲಿ ಜಾಗವೇ ಇಲ್ಲಿ ತೊಟ್ಟಿ. ಒಂದು ಘನ ಮೀಟರ್ ಜಲ್ಲಿ 300ರಿಂದ 400 ಲೀಟರ್ ನೀರು ಹಿಡಿದುಕೊಂಡು, ಮಳೆ ನಿಂತ ಮೇಲೂ ಮೆಲ್ಲಗೆ ಮಣ್ಣಿಗೆ ಬಿಡುತ್ತದೆ. ಟೈಲ್ಸ್ ಸಂದು ಅಗಲ ಇರಲಿ, ಅದಕ್ಕೂ ಸಣ್ಣ ಜಲ್ಲಿಯನ್ನೇ ತುಂಬಿಸಿ. ಕಾರು ಆರಾಮಾಗಿ ನಿಲ್ಲಿಸಬಹುದು.

ಟೆರೇಸ್ ನೀರನ್ನು ಮಾತ್ರ ಈ ಅಂಗಳಕ್ಕೆ ಬಿಡಬೇಡಿ. ಅದು ತುಂಬಾ ಜಾಸ್ತಿ, ಅದಕ್ಕೆ ಇಂಗುಬಾವಿ, ಅಂದರೆ ನೀರನ್ನು ಮಣ್ಣಿಗೆ ಇಂಗಿಸುವ ಬಾವಿ, ಬೇಕು. 80 ಚದರ ಮೀಟರ್ ಟೆರೇಸ್ ಮೇಲೆ 50 ಮಿ.ಮೀ. ಮಳೆ ಬಿದ್ದರೆ 4,000 ಲೀಟರ್. ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿಗೆ ಹೆಚ್ಚುಕಮ್ಮಿ ಅಷ್ಟೇ ನೀರು ಹಿಡಿಸುತ್ತದೆ. ಬಾವಿ ತುಂಬುತ್ತಲೇ ಇಂಗುತ್ತಲೂ ಇರುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ‘ಇಂಗುಬಾವಿ ಯಾಕೆ, ಬೋರ್‌ವೆಲ್ ಇದೆಯಲ್ಲ’ ಅಂತ ಟೆರೇಸ್ ಪೈಪನ್ನು ನೇರವಾಗಿ ಅದರ ಕೇಸಿಂಗ್ ಕೊಳವೆಯ ಒಳಗೆ ಇಳಿಸುವವರಿದ್ದಾರೆ. ದಯವಿಟ್ಟು ಬೇಡ. ಇಂಗುಬಾವಿಯ ನೀರು ಮಣ್ಣಿನಲ್ಲಿ ಸೋಸಿಕೊಂಡು ಇಳಿಯುತ್ತದೆ. ಕೇಸಿಂಗ್‌ಗೆ ಬಿಟ್ಟ ನೀರು ಪಾರಿವಾಳದ ಹಿಕ್ಕೆ, ಧೂಳು ಎಲ್ಲವನ್ನೂ ಹೊತ್ತು ಸೀದಾ ಬಂಡೆಯ ಬಿರುಕು ಸೇರುತ್ತದೆ. ಅದೇ ಬಿರುಕಿನ ನೀರನ್ನು ಪಕ್ಕದ ಮನೆಯವರೂ ಮೇಲೆತ್ತುತ್ತಿರಬಹುದು.