ಟಿಬಿಯಿಂದ ಮಗುವಿನ ತಲೆಯಲ್ಲಿ ನೀರು ತುಂಬಿದೆ: ಕೊಳವೆ ಹಾಕಲೇಬೇಕಾ?

ಪ್ರಶ್ನೆ: ನನ್ನ ತಂಗಿಯ ಮಗನಿಗೆ 3 ವರ್ಷ. ಟಿಬಿ ಮಿದುಳಿಗೆ ಹತ್ತಿ ತಲೆಯಲ್ಲಿ ನೀರು ತುಂಬಿದೆಯಂತೆ. ಪಕ್ಕದ ಬೆಡ್ಡಿನ ಮಗುವಿಗೂ ಇದೇ ಕಾಯಿಲೆ, ಅದಕ್ಕೆ ಬರೀ ಔಷಧಿ ಕೊಡುತ್ತಿದ್ದಾರೆ. ಇವನಿಗೆ ಮಾತ್ರ ಕೊಳವೆ ಹಾಕಬೇಕು ಅಂತಿದ್ದಾರೆ. ಯಾಕೆ ಹೀಗೆ?

ಉತ್ತರ: ಒಂದೇ ಕಾಯಿಲೆಗೆ ಎರಡು ದಾರಿ ಅಂದರೆ ಅನುಮಾನ ಬಂದೇ ಬರುತ್ತದೆ. ಆದರೆ ಡಾಕ್ಟರು ಸುಮ್ನೆ ಹೇಳುತ್ತಿಲ್ಲ. ನೀರಿಗೆ ತಡೆ ಎಲ್ಲಿದೆ ಅನ್ನುವುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ.

ಮಿದುಳಿನೊಳಗೆ ನಾಲ್ಕು ಪುಟ್ಟ ಕೋಣೆಗಳಿವೆ. ಅಲ್ಲಿ ಹಗಲೂ ರಾತ್ರಿ ತಿಳಿನೀರು ಊರುತ್ತಲೇ ಇರುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್. ಅದು ಕೋಣೆಯಿಂದ ಕೋಣೆಗೆ ಇಳಿದು, ಮಿದುಳಿನ ಬುಡಕ್ಕೆ ಬಂದು, ಹೊರಮೈಯನ್ನೂ ಬೆನ್ನುಹುರಿಯನ್ನೂ ಸುತ್ತಿ, ಕೊನೆಗೆ ರಕ್ತ ಸೇರುತ್ತದೆ. ಈ ಟಿಬಿಯಲ್ಲಿ ಮಿದುಳಿನ ಬುಡದಲ್ಲಿ ಗೋಂದಿನಂಥ ಗಟ್ಟಿ ಪದಾರ್ಥ ಕಟ್ಟಿಕೊಳ್ಳುತ್ತದೆ. ನೀರು ಊರುವುದು ನಿಲ್ಲುವುದಿಲ್ಲ, ಹರಿಯುವುದು ನಿಲ್ಲುತ್ತದೆ. ಕೋಣೆಗಳು ಉಬ್ಬಿ ಮಿದುಳನ್ನು ಒತ್ತುತ್ತವೆ. ಮಗು ವಾಂತಿ ಮಾಡುತ್ತದೆ, ಮಂಕಾಗುತ್ತದೆ, ಕೆಲವು ಸಲ ಕಣ್ಣು ಮೆಳ್ಳೆಯಾಗುತ್ತದೆ.

100 ಮಕ್ಕಳಲ್ಲಿ ಸುಮಾರು 80 ಮಕ್ಕಳಿಗೆ ತಡೆ ಬುಡದಲ್ಲೋ ಹೊರಗೋ ಇರುತ್ತದೆ. ಕೋಣೆಗಳ ದಾರಿ ತೆರೆದೇ ಇರುತ್ತದೆ. ಉಳಿದವರಲ್ಲಿ ಕೋಣೆಗಳ ಬಾಗಿಲೇ ಮುಚ್ಚಿರುತ್ತದೆ. ಸಿಟಿ ಸ್ಕ್ಯಾನ್‌ನಲ್ಲಿ ಕೋಣೆ ಉಬ್ಬಿದ್ದು ಕಾಣುತ್ತದೆ, ಆದರೆ ತಡೆಯ ಜಾಗ ಎಷ್ಟೋ ಸಲ ಗೊತ್ತಾಗುವುದಿಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಇಂಥ ಮಕ್ಕಳು ಜಾಸ್ತಿ. ಅಲ್ಲಿನ ಟೈಗರ್‌ಬರ್ಗ್ ಆಸ್ಪತ್ರೆಯ ಡಾಕ್ಟರುಗಳು ಒಂದು ಸರಳ ಉಪಾಯ ಬಳಸಿದರು. ಬೆನ್ನಿನಿಂದ ನೀರು ತೆಗೆಯುವ ಸೂಜಿಯಲ್ಲೇ ಕೆಲವೇ ಮಿಲಿಲೀಟರ್ ಗಾಳಿ ಬಿಟ್ಟು, ತಲೆಯ ಎಕ್ಸ್‌ರೇ ತೆಗೆಯುತ್ತಾರೆ. ಗಾಳಿ ಮೇಲೇರಿ ಕೋಣೆಯೊಳಗೆ ಕಪ್ಪಗೆ ಕಂಡರೆ ದಾರಿ ತೆರೆದಿದೆ. ಬುಡದಲ್ಲೇ ನಿಂತರೆ ಬಾಗಿಲು ಮುಚ್ಚಿದೆ.

ದಾರಿ ತೆರೆದಿದ್ದರೆ ಔಷಧಿಯಲ್ಲೇ ನೋಡಬಹುದು. ಅಸೆಟಜೋಲಮೈಡ್ ನೀರು ಊರುವುದನ್ನು ತಗ್ಗಿಸುತ್ತದೆ, ಜೊತೆಗೆ ಫ್ಯೂರೊಸೆಮೈಡ್ ಕೊಡುತ್ತಾರೆ. ಸುಮಾರು ಒಂದು ತಿಂಗಳು. ನಡುನಡುವೆ ಬೆನ್ನಿನಿಂದ ನೀರು ತೆಗೆದು ಒತ್ತಡ ಅಳೆಯುತ್ತಾರೆ. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತೆ ಅನ್ನುವ ಭಯ ನಮ್ಮಲ್ಲಿ ತುಂಬ ಇದೆ, ಅಲ್ವಾ? ಆದರೆ ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ ಆ ಸೂಜಿ ಹಾಕುತ್ತಾರೆ. ಪಕ್ಕದ ಬೆಡ್ಡಿನ ಮಗು ಬಹುಶಃ ಈ ದಾರಿಯಲ್ಲಿದೆ. ಒತ್ತಡ ಇಳಿಯದಿದ್ದರೆ ಅದಕ್ಕೂ ಕೊಳವೆ ಬೇಕಾಗಬಹುದು.

ಬಾಗಿಲು ಮುಚ್ಚಿದ್ದರೆ ಕಾಯುವಂತಿಲ್ಲ. ಬೆನ್ನಿನಿಂದ ನೀರು ತೆಗೆಯುವುದೂ ಆಗ ಅಪಾಯ. ಆಗಲೇ ಶಂಟ್, ಅಂದರೆ ನೀವು ಕೇಳಿದ ಆ ಕೊಳವೆ, ಹಾಕುವುದು. ಕೊಳವೆಯ ಒಂದು ತುದಿ ಮಿದುಳಿನ ಕೋಣೆಯಲ್ಲಿ, ಇನ್ನೊಂದು ಹೊಟ್ಟೆಯೊಳಗೆ. ಎಲ್ಲಾ ಚರ್ಮದ ಕೆಳಗೇ. ಕಿವಿಯ ಹಿಂದೆ ಬೆರಳಾಡಿಸಿದರೆ ಪುಟ್ಟ ಉಬ್ಬು ಸಿಗುತ್ತದೆ, ಅದು ವಾಲ್ವ್. ಕುತ್ತಿಗೆಯ ಪಕ್ಕ ಶಾವಿಗೆಗಿಂತ ತುಸು ದಪ್ಪದ ಎಳೆ ಕೈಗೆ ತಾಗುತ್ತದೆ. ಮಗು ಉದ್ದವಾಗುತ್ತಾ ಹೋಗುತ್ತದೆಂದು ಹೊಟ್ಟೆಯಲ್ಲಿ ಕೊಳವೆಯನ್ನು ಉದ್ದಕ್ಕೇ ಬಿಟ್ಟಿರುತ್ತಾರೆ. ಅದು ಕಟ್ಟಿಕೊಳ್ಳಬಹುದು, ಸೋಂಕೂ ಆಗಬಹುದು. ಮನೆಗೆ ಹೋದ ಮೇಲೆ ಮತ್ತೆ ವಾಂತಿ, ತಲೆನೋವು, ಮಂಕು, ಜ್ವರ ಕಂಡರೆ ಬೆಳಗಾಗಲಿ ಎಂದು ನೋಡದೆ ಆಸ್ಪತ್ರೆಗೆ ಹೊರಡಿ. ಕೊಳವೆಯಿಲ್ಲದೆ ದುರ್ಬೀನಿನಲ್ಲಿ ಒಳಗೇ ಹೊಸ ದಾರಿ ಕೊರೆಯುವ ಆಪರೇಷನ್ನೂ ಇದೆ. ಕಾಯಿಲೆ ಹೊಸದಿರುವಾಗ ಅದು ಅಷ್ಟಾಗಿ ಫಲಿಸುವುದಿಲ್ಲ.

ಕೊಳವೆ ಒತ್ತಡ ಇಳಿಸುತ್ತದೆ ಅಷ್ಟೇ, ಟಿಬಿಯನ್ನಲ್ಲ. ಟಿಬಿ ಮಾತ್ರೆ ನಮ್ಮಲ್ಲಿ ಸಾಮಾನ್ಯವಾಗಿ 12 ತಿಂಗಳು, ಮೊದಲ ವಾರಗಳಲ್ಲಿ ಸ್ಟೆರಾಯ್ಡ್ ಕೂಡ. ಮಗು ಎದ್ದು ಆಡಲು ಶುರು ಮಾಡಿತೆಂದು ಮಾತ್ರೆ ಬಿಡಬೇಡಿ, ಕೈಮುಗಿದು ಕೇಳುತ್ತೇನೆ. ಮಾತ್ರೆ ಸರ್ಕಾರದಿಂದ ಉಚಿತ. ಟಿಬಿ ರೋಗಿಗಳ ಆಹಾರಕ್ಕೆಂದು ಇರುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿಯೂ ಬರುತ್ತದೆ.

ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ನ್ಯೂರೋಸರ್ಜನ್‌ಗಳು ಇಂಥ ರೋಗಿಗಳನ್ನು ನಾಲ್ಕು ಹಂತಗಳಲ್ಲಿ ಗುರುತಿಸಿದರು. ಮೊದಲ ಹಂತದಲ್ಲಿ ಪೂರ್ತಿ ಎಚ್ಚರ, ನಾಲ್ಕನೆಯದರಲ್ಲಿ ಆಳವಾದ ಪ್ರಜ್ಞಾಹೀನತೆ. ಪ್ರಜ್ಞೆ ತಪ್ಪುವ ಹಂತಕ್ಕೆ ಹೋಗುವ ಮೊದಲೇ ಶಂಟ್ ಆದ ಮಕ್ಕಳು ಚೇತರಿಸಿಕೊಳ್ಳುವುದು ಜಾಸ್ತಿ. ಹಾಗಾಗಿ ಇವತ್ತು ಡಾಕ್ಟರು ರೌಂಡ್ಸ್‌ಗೆ ಬಂದಾಗ ಒಂದೇ ಮಾತು ಕೇಳಿ: ತಡೆ ಒಳಗಿದೆಯೋ, ಬುಡದಲ್ಲೋ? ಒಳಗೆ ಅಂದರೆ, ಊರಿಂದ ಹಿರಿಯರು ಬರಲಿ ಎಂದು ಸಹಿಯನ್ನು ನಾಳೆಗೆ ತಳ್ಳಬೇಡಿ.