ಕಣ್ಣಿಗೆ ಒಂದೇ, ಬೆರಳಿಗೆ ಬೇರೆ

ಬ್ರೈಲ್ ಅಂದ್ರೆ ಒಂದು ಫಾಂಟ್ ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ. ದಾವಣಗೆರೆಯ ಯಾವುದಾದ್ರೂ ಡಿಟಿಪಿ ಅಂಗಡಿಗೆ ಹೋಗಿ ಕೇಳಿದ್ರೆ "ಫೈಲ್ ಐತಲ್ಲ, ಫಾಂಟ್ ಚೇಂಜ್ ಮಾಡಿ ಪ್ರಿಂಟ್ ಹೊಡೆದ್ರಾತು" ಅನ್ನೋ ಉತ್ತರ ಬಂದ್ರೆ ಆಶ್ಚರ್ಯ ಇಲ್ಲ. ಈ ಕಲ್ಪನೆ ಹೋಗ್ಲೇಬೇಕು, ಇದ್ರಿಂದಾನೇ ಕಣ್ಣು ಕಾಣದ ಮಕ್ಕಳ ಕೈಗೆ ಓದಕ್ಕಾಗದ ಪುಟ ಹೋಗೋದು.

ಬಾರ್ಬಿಯೇ ಅನ್ನೋ ಫ್ರೆಂಚರವನ 12 ಚುಕ್ಕಿಯ ಬರಹವನ್ನ ಲೂಯಿ ಬ್ರೈಲ್ 6 ಚುಕ್ಕಿಗೆ ಇಳಿಸಿ 1829ರಲ್ಲಿ ಪ್ರಕಟ ಮಾಡಿದ, ಒಂದು ಬೆರಳ ತುದಿಗೆ ಇಡೀ ಅಕ್ಷರ ಸಿಗಬೇಕು ಅನ್ನೋದೇ ಅದರ ಜೀವಾಳ. ಆದ್ರೆ 6 ಚುಕ್ಕಿಯಿಂದ ಆಗೋದು ಖಾಲಿ ಜಾಗವೂ ಸೇರಿ 64 ಆಕಾರ ಅಷ್ಟೇ. ಹಾಗಾಗಿ ಒಂದೇ ಆಕಾರ ಹಲವು ಕೆಲಸ ಮಾಡ್ಬೇಕು. ನಮ್ಮ ದೇಶದ ಭಾಷೆಗಳಿಗೆ ಬಳಸೋ ಭಾರತಿ ಬ್ರೈಲ್‌ನಲ್ಲಿ 1 ಮತ್ತು 2ನೇ ಚುಕ್ಕಿ (ಆರಕ್ಕೂ ಒಂದೊಂದು ನಂಬರ್ ಇದೆ) ಅಂದ್ರೆ ಬ, ಅದಕ್ಕೂ ಮೊದಲು 3-4-5-6ರ ಅಂಕಿಗುರುತು ಇದ್ರೆ ಅದೇ 2. ಮೆಕ್ಕೆಜೋಳದ ರೇಟು 2,400 ಅಂತ ಬರೆದಾಗ ಆ ಒಂದು ಗುರುತು ಬಿಟ್ಟುಹೋದ್ರೆ ಬೆರಳಿಗೆ ಸಿಗೋದು "ಬ,ದಜಜ".

ನನಗೆ ಬಹಳ ಇಷ್ಟವಾದ ವಿಷಯ ಒತ್ತಕ್ಷರದ್ದು. ಚಿತ್ರದುರ್ಗ ಅನ್ನೋ ಹೆಸರನ್ನೇ ತಗೊಳ್ಳಿ. ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಒಳಗೆ ಪ್ರತಿ ಅಕ್ಷರಕ್ಕೂ ಒಂದು ಕೋಡ್ ಕೊಡೋ ಪದ್ಧತಿ) ತ್ರ ಅಂದ್ರೆ ಮೊದಲು ತ, ಆಮೇಲೆ ಹಲಂತ ಅಂದ್ರೆ ಸ್ವರ ಇಲ್ಲ ಅನ್ನೋ ಗುರುತು, ಆಮೇಲೆ ರ. ಬ್ರೈಲ್‌ನಲ್ಲಿ ಹಲಂತ (4ನೇ ಚುಕ್ಕಿ ಒಂದೇ) ಮೊದಲೇ ಬರುತ್ತೆ, ಆಮೇಲೆ ತ, ರ. ರೈಲ್ವೆ ಗೇಟ್ ಮುಂಚೆನೇ ಬೋರ್ಡ್ ಹಾಕಿರ್ತಾರಲ್ಲ ಹಾಗೆ, ಮುಂದೆ ಬರೋ ಅಕ್ಷರಕ್ಕೆ ಸ್ವರ ಇಲ್ಲ ಅಂತ ಬೆರಳಿಗೆ ಮೊದಲೇ ಗೊತ್ತಾಗುತ್ತೆ. ಅಂದ್ರೆ ಸಾಫ್ಟ್‌ವೇರ್ ಬ್ರೈಲ್ ಮಾಡುವಾಗ ಅಕ್ಷರಕ್ಕೆ ಅಕ್ಷರ ಬದಲಾಯಿಸಿದ್ರೆ ಸಾಲಲ್ಲ, ಜಾಗಾನೂ ತಿರುಗಿಸ್ಬೇಕು. ಕ್ಷ, ಜ್ಞ ಎರಡಕ್ಕೆ ಸ್ವಂತ ಆಕಾರ ಇದೆ, ಅಲ್ಲಿ ಈ ನಿಯಮ ನಡೆಯಲ್ಲ.

ಇನ್ನು ಚಿಹ್ನೆಗಳು. ಇಂಗ್ಲಿಷ್ ಬ್ರೈಲ್‌ನಲ್ಲಿ ಡಾಲರ್ ಅಂದ್ರೆ 4ನೇ ಚುಕ್ಕಿ, ಆಮೇಲೆ 2-3-4. ಅದನ್ನ ಹಾಗೇ ಕನ್ನಡದ ಮಧ್ಯೆ ತಂದಿಟ್ರೆ ಹಲಂತ ಮತ್ತು ಸ ಆಗಿ "ಸ್" ಅಂತ ಓದಿಸುತ್ತೆ! ರೂಪಾಯಿಯ ₹ ಹುಟ್ಟಿದ್ದೇ 2010ರಲ್ಲಿ, ಯಾವ ಚಿಹ್ನೆಗೆ ಯಾವ ಚುಕ್ಕಿ ಅಂತ ಸಾಫ್ಟ್‌ವೇರ್‌ಗೆ ಹೇಳೋ ಹಳೇ ಟೇಬಲ್‌ಗಳಲ್ಲಿ ಅದು ಇರೋಕೇ ಸಾಧ್ಯ ಇಲ್ಲ. ಗೊತ್ತಿಲ್ಲದ ಚಿಹ್ನೆ ಬಂದಾಗ ಲಿಬ್‌ಲೂಯಿ ಅನ್ನೋ, ಬರಹವನ್ನ ಬ್ರೈಲ್‌ಗೆ ಬದಲಾಯಿಸೋ ಮುಕ್ತ ತಂತ್ರಾಂಶ (ಎನ್‌ವಿಡಿಎ ಅನ್ನೋ, ಪರದೆ ಮೇಲಿನದನ್ನ ಓದಿ ಹೇಳೋ ಸ್ಕ್ರೀನ್ ರೀಡರ್ ಬಳಸೋದೂ ಇದನ್ನೇ) ಮಾಮೂಲಾಗಿ ಅದರ ಕೋಡ್ ನಂಬರನ್ನೇ ಬರೆದುಬಿಡುತ್ತೆ. ನೋಡೋಕೆ ಅಸಹ್ಯ, ಆದ್ರೂ ಅದೇ ಸರಿ ಅಂತೀನಿ ನಾನು, ಸದ್ದಿಲ್ಲದೆ ನುಂಗಿಬಿಟ್ರೆ ಏನೋ ಕಳೆದಿದೆ ಅಂತಾನೇ ಓದೋರಿಗೆ ಗೊತ್ತಾಗಲ್ಲ.

ಹಳೇ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲ್ ಆದ್ರಂತೂ ಒಳಗೆ ಕನ್ನಡಾನೇ ಇರಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿರ್ತಾರೆ. ಮೊದಲು ಯೂನಿಕೋಡ್‌ಗೆ ಬದಲಾಯಿಸ್ಲೇಬೇಕು.

ಇದಕ್ಕಿಂತ ಕಷ್ಟದ್ದು ಯೂನಿಕೋಡ್‌ನಲ್ಲೇ ಟೈಪ್ ಮಾಡಿದ್ರೂ ಉಳಿಯೋ ತಪ್ಪು. ಅನುಸ್ವಾರದ ಬದಲು ಸೊನ್ನೆ ಒತ್ತಿ "ಸ೦ತೆ" ಅಂತ ಬರೀತಾರೆ, ಅರ್ಕಾವತ್ತಿನ ಬದಲು ಒಂಬತ್ತು ಹಾಕಿ "ದುಗ೯" ಅಂತ ಬರೀತಾರೆ. ಕಣ್ಣಿಗೆ ವ್ಯತ್ಯಾಸಾನೇ ಕಾಣಲ್ಲ. ಆದ್ರೆ ಸಾಫ್ಟ್‌ವೇರ್ ಆಕಾರ ನೋಡಲ್ಲ, ಕೋಡ್ ನೋಡುತ್ತೆ, ಹುಡುಗ ಬೆರಳಾಡಿಸಿದ್ರೆ ದು, ಗ, ಅಂಕಿಗುರುತು, 9.

ಅಕ್ಷರದ ಪಕ್ಕದ ಸೊನ್ನೆನೆಲ್ಲ ಅನುಸ್ವಾರ ಮಾಡಿ ಅಂತ ನಿಯಮ ಬರೆದ್ರೆ "ಕೆಎ೦೧" ಅನ್ನೋ ಗಾಡಿ ನಂಬರ್ ಕೆಡುತ್ತೆ, ಹಾಗಾಗಿ ಎರಡೂ ಕಡೆ ನೋಡ್ಬೇಕು, ಆ ಕಡೆ ಈ ಕಡೆ ಎರಡೂ ಅಕ್ಷರ ಇದ್ರೆ ಮಾತ್ರ ಬದಲಾಯಿಸ್ಬೇಕು. ಒಂಬತ್ತಿಗೆ ಅದೂ ಆಗಲ್ಲ. "ದುಗ೯"ದ ಬಲಕ್ಕೆ ಏನೂ ಇಲ್ಲ, ಜಾಗ ಬಿಡದೆ ಟೈಪ್ ಮಾಡಿದ "ವಾರ್ಡ್೯"ರ ಬಲಕ್ಕೂ ಏನೂ ಇಲ್ಲ, ಆದ್ರೆ ಅಲ್ಲಿರೋದು ನಿಜವಾದ ಒಂಬತ್ತು. ಇಲ್ಲಿ ನಿಘಂಟು ಬೇಕು, ಇಲ್ಲಾಂದ್ರೆ ಎಂಬಾಸ್ ಮಾಡೋಕೆ (ಚುಕ್ಕಿ ಉಬ್ಬಿಸಿ ಅಚ್ಚು ಹಾಕೋಕೆ) ಮುಂಚೆ ಫೈಲ್‌ನಲ್ಲಿ ೯ ಅಂತ ಸರ್ಚ್ ಕೊಟ್ಟು ಒಂದೊಂದನ್ನೂ ಯಾರಾದ್ರೂ ಕೂತು ನೋಡ್ಬೇಕು.