ಕೊಟ್ಟಿಗೆಯ ನೀರು ಯಾಕೆ ಬೇಗ ಕಾಯಲಿಲ್ಲ?

ಶ್ರೀನಿವಾಸಪುರದ ಕಡೆ ನಮ್ಮ ಚಿಕ್ಕಪ್ಪನ ತೋಟ. ಮನೆಯಿಂದ ಹಸುವಿನ ಕೊಟ್ಟಿಗೆಗೆ ಸುಮಾರು 110 ಮೀಟರ್. ಹಾಲಿನ ಕ್ಯಾನ್ ತೊಳೆಯಲು ಬೆಳಗ್ಗೆ ಬಿಸಿನೀರು ಬೇಕು ಅಂತ ಅಲ್ಲಿಗೆ ವೈರ್ ಎಳೆದು 2,000 ವಾಟ್‌ನ ಹೀಟರ್ ಹಾಕಿದ್ದರು. ಮನೆಯಲ್ಲಿ ಅರ್ಧ ಗಂಟೆಗೆ ಕಾಯುವ 20 ಲೀಟರ್ ನೀರಿಗೆ ಅಲ್ಲಿ ಮುಕ್ಕಾಲು ಗಂಟೆ. "ಹೀಟರ್ ವೀಕ್ ಕಣೋ" ಎಂದು ಹೊಸದು ತಂದರು. ಅದೂ ಅಷ್ಟೇ.

ಹೋದ ಸಲ ನಾನು ಮೀಟರ್ ತೆಗೆದುಕೊಂಡು ಹೋದೆ. ಮನೆಯಲ್ಲಿ 230 ವೋಲ್ಟ್. ಹೀಟರ್ ಆಫ್ ಇದ್ದಾಗ ಕೊಟ್ಟಿಗೆಯಲ್ಲೂ 230. ಆನ್ ಮಾಡಿದ ಕೂಡಲೇ 200ಕ್ಕೆ ಇಳಿಯಿತು! ವೈರನ್ನು ಸುತ್ತಿ ಹಿಡಿದು ಅದರಲ್ಲಿನ ಕರೆಂಟಿನ ಹರಿವನ್ನು ಅಳೆಯುವ ಕ್ಲ್ಯಾಂಪ್ ಮೀಟರ್ 7.5 ಆಂಪಿಯರ್ ತೋರಿಸಿತು. (ಕ್ಲ್ಯಾಂಪನ್ನು ಒಂದೇ ವೈರಿಗೆ ಹಾಕಬೇಕು. ಎರಡಕ್ಕೂ ಸೇರಿಸಿ ಹಾಕಿದರೆ ಹೋಗುವ ಹರಿವೂ ಬರುವ ಹರಿವೂ ವಜಾ ಆಗಿ ಸೊನ್ನೆ ಬರುತ್ತದೆ.)

ಇಷ್ಟು ಸಾಕು, ಉಳಿದದ್ದು ಭಾಗಾಕಾರ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಹರಿವಿಗೆ ಇರುವ ತಡೆ; ಅದರ ಅಳತೆ ಓಮ್. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇದು. 200 ಭಾಗ 7.5 ಅಂದರೆ ಸುಮಾರು 26.7 ಓಮ್. 230 ವೋಲ್ಟ್‌ಗೆ ಮಾಡಿದ 2,000 ವಾಟ್‌ನ ಹೀಟರಿಗೆ ಹೆಚ್ಚುಕಡಿಮೆ ಇಷ್ಟೇ ಇರಬೇಕು. ಹೀಟರ್ ಸರಿಯಾಗೇ ಇದೆ ಅಂತಾಯಿತು. ಹಳೆಯದೂ ಸರಿಯಾಗೇ ಇತ್ತು.

ಕಾಣೆಯಾದ 30 ವೋಲ್ಟ್? ಅದು ವೈರಿನದು. 30 ಭಾಗ 7.5, ಅಂದರೆ 4 ಓಮ್. ಹೋಗಿ ಬರುವ 220 ಮೀಟರ್ ಸಣ್ಣ ತಾಮ್ರದ ವೈರಿಗೆ, 1 ಚದರ ಮಿಲಿಮೀಟರಿನದಕ್ಕೆ, ಸರಿಯಾಗಿ ಹೊಂದುವ ಲೆಕ್ಕ.

ಈಗ ಗುಣಾಕಾರ. ವೋಲ್ಟ್ ಮತ್ತು ಆಂಪಿಯರ್ ಗುಣಿಸಿದರೆ ವಾಟ್. ಹೀಟರಿಗೆ ಸಿಕ್ಕಿದ್ದು 1,500 ವಾಟ್. ವೈರ್ ತಿಂದದ್ದು 30 ಗುಣಿಸು 7.5, ಅಂದರೆ 225 ವಾಟ್. ಸುಮ್ನೆ ವೈರನ್ನು ಬೆಚ್ಚಗೆ ಮಾಡೋಕೆ ಇಷ್ಟು ಕರೆಂಟ್! ಉದ್ದಕ್ಕೂ ಹರಡಿರುವುದರಿಂದ ಕೈಗೆ ಗೊತ್ತಾಗಲ್ಲ, ಬಿಲ್ಲಿನಲ್ಲಿ ಮಾತ್ರ ಬರುತ್ತದೆ.

ಹರಿವು ಎರಡು ಪಟ್ಟಾದರೆ ವೈರಿನಲ್ಲಿ ಇಳಿಯುವ ವೋಲ್ಟೂ ಎರಡು ಪಟ್ಟು, ಹಾಗಾಗಿ ಈ ನಷ್ಟ ನಾಲ್ಕು ಪಟ್ಟು. ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ. ನಮ್ಮ ಕೋಲಾರ ಜಿಲ್ಲೆಯ ಚಿನ್ನದ ಗಣಿಗೆ 1902ರಲ್ಲಿ ಕರೆಂಟ್ ಬಂದದ್ದು ಶಿವನಸಮುದ್ರದಿಂದ, ಸುಮಾರು 147 ಕಿಲೋಮೀಟರ್ ದೂರದಿಂದ. ಮನೆಯ ವೋಲ್ಟೇಜಿನಲ್ಲಿ ಕಳಿಸಿದ್ದರೆ ಎಲ್ಲವೂ ದಾರಿಯಲ್ಲೇ ಕರಗುತ್ತಿತ್ತು. ವೋಲ್ಟೇಜನ್ನು ಸಾವಿರಗಟ್ಟಲೆಗೆ ಏರಿಸಿ ಕಳಿಸಿದರು. ವೋಲ್ಟೇಜ್ ಹತ್ತು ಪಟ್ಟಾದರೆ ಅಷ್ಟೇ ಶಕ್ತಿಗೆ ಹರಿವು ಹತ್ತರಲ್ಲೊಂದು ಸಾಕು, ತಂತಿಯ ನಷ್ಟ ನೂರರಲ್ಲೊಂದು.

ಚಿಕ್ಕಪ್ಪನಿಗೆ ಅದು ಆಗಲ್ಲ, ಅಲ್ವಾ? ದಪ್ಪ ವೈರ್ ಹಾಕಬಹುದು. 4 ಚದರ ಮಿಲಿಮೀಟರಿನದು ಎಳೆಸಿದೆವು. ರೋಧ 1 ಓಮ್‌ಗೆ ಇಳಿಯಿತು, ಕೊಟ್ಟಿಗೆಯಲ್ಲಿ 221 ವೋಲ್ಟ್ ಬಂತು. ಹೀಟರಿಗೆ ಈಗ 1,850 ವಾಟ್ ಹತ್ತಿರ ಸಿಗುತ್ತದೆ.

"ಬೋರ್‌ವೆಲ್ ಮೋಟರಿಗೂ ಇದೇ ಲೆಕ್ಕನಾ?" ಎಂದು ಕೇಳಿದರು ಚಿಕ್ಕಪ್ಪ. ಇಲ್ಲ. ಮೋಟರಿನಲ್ಲಿ ಸುಮ್ನೆ ವೋಲ್ಟ್ ಭಾಗ ಆಂಪಿಯರ್ ಮಾಡಿದರೆ ವೈಂಡಿಂಗಿನ, ಅಂದರೆ ಒಳಗೆ ಸುತ್ತಿದ ತಂತಿಯ, ರೋಧ ಸಿಗಲ್ಲ. ವೋಲ್ಟೇಜ್ ಕಡಿಮೆಯಾದರೆ ಹೀಟರ್ ಕಡಿಮೆ ಎಳೆಯುತ್ತದೆ. ನೀರೆತ್ತುತ್ತಿರುವ ಮೋಟರ್ ಮಾತ್ರ ಜಾಸ್ತಿ ಎಳೆಯುತ್ತದೆ. ಹರಿವು ಶೇಕಡಾ 20 ಹೆಚ್ಚಿದರೆ ವೈಂಡಿಂಗಿನ ಶಾಖ ಶೇಕಡಾ 44 ಹೆಚ್ಚು. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ಮೋಟರ್ ಸುಡುವುದಕ್ಕೆ ಇದೂ ಒಂದು ಕಾರಣ. ಈಗ ಅವರು ಸ್ಟಾರ್ಟರಿನ ವೋಲ್ಟ್‌ಮೀಟರ್ ನೋಡಿಯೇ ಹಸಿರು ಬಟನ್ ಒತ್ತುತ್ತಾರೆ.